ಬ್ರೆಡ್ಡೇ ನಾಣ್ಯವಾದ ಪೇಟೆಯಲ್ಲಿ ಒಬ್ಬ ದಾನಿ

ವ್ಯಾಪಾರದ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಬೆಲೆ ಎಂದರೇನೆಂದು ಬೇರೆ ಹೇಳಿಕೊಡಬೇಕಾಗಿಲ್ಲ. ಮಾಲು ಕಡಿಮೆಯಾದರೆ ದರ ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ಆದರೆ ಎಲ್ಲದಕ್ಕೂ ಬೆಲೆ ಕಟ್ಟಿ, ಯಾವುದನ್ನೂ ಪ್ರೀತಿಯಿಂದ ಕೊಡುವವರೇ ಇಲ್ಲದ ಜಾಗವೊಂದಿದ್ದರೆ ಅಲ್ಲಿ ಮನುಷ್ಯನ ಗತಿ ಏನಾದೀತು? ಈ ಪ್ರಶ್ನೆಯನ್ನು ಬದುಕಿ ನೋಡಿ ಬರೆದ ಪುಸ್ತಕವೊಂದನ್ನು ಈ ತಿಂಗಳು ವಾಚಕ ಬಂಧುಗಳಿಗೆ ಪರಿಚಯಿಸುತ್ತಿದ್ದೇನೆ. ಇಟಲಿಯ ಪ್ರಿಮೊ ಲೆವಿಯವರ ಆತ್ಮಕಥನವಿದು. ಹೆಸರನ್ನು ಕನ್ನಡದಲ್ಲಿ ‘ಇವನು ಮನುಷ್ಯನೆಂದಾದರೆ’ ಎನ್ನಬಹುದು.

ಲೆವಿ 1919ರಲ್ಲಿ ಟ್ಯೂರಿನ್ ನಗರದ ಯಹೂದಿ ಮನೆತನವೊಂದರಲ್ಲಿ ಹುಟ್ಟಿದರು. ರಸಾಯನಶಾಸ್ತ್ರ ಓದಿ 1941ರಲ್ಲಿ ಪದವಿ ಪಡೆದರು. 1943ರ ಡಿಸೆಂಬರಿನಲ್ಲಿ ಫ್ಯಾಸಿಸ್ಟರ ಕೈಗೆ ಸಿಕ್ಕಿದರು. ಮುಂದಿನ ಫೆಬ್ರವರಿಯಲ್ಲಿ ಗೂಡ್ಸ್ ರೈಲಿನ ಡಬ್ಬಿಗಳಲ್ಲಿ ತುಂಬಿದ 650 ಜನರಲ್ಲಿ ಒಬ್ಬರಾಗಿ, ಪೋಲೆಂಡಿನಲ್ಲಿದ್ದ ನಾಜಿಗಳ ಆಶ್‌ವಿಟ್ಜ್ ಶಿಬಿರಕ್ಕೆ ಬಂದಿಳಿದರು. ಅವರಲ್ಲಿ 96 ಗಂಡಸರನ್ನೂ 29 ಹೆಂಗಸರನ್ನೂ ದುಡಿಸಿಕೊಳ್ಳಲೆಂದು ಉಳಿಸಿದರು. ಮಿಕ್ಕವರೆಲ್ಲರನ್ನೂ, ಮಕ್ಕಳು ಮುದುಕರೆನ್ನದೆ, ಎರಡು ದಿನದೊಳಗೆ ಕೊಂದರು. ಲೆವಿಯವರ ಹೆಸರು ಹೋಗಿ ತೋಳಿನ ಮೇಲೆ 174517 ಎಂಬ ಹಚ್ಚೆ ಬಂತು.

ಇಷ್ಟೆಲ್ಲ ಅನುಭವಿಸಿದವರು ಬರೆದ ಪುಸ್ತಕದಲ್ಲಿ ಕೂಗಾಟ ಇರುತ್ತದೆಂದು ನಾವು ಎಣಿಸುತ್ತೇವೆ. ಅದಿಲ್ಲ. ತಕ್ಕಡಿ ಹಿಡಿದು ತೂಗುವವನ ಹಾಗೆ, ಕಂಡದ್ದನ್ನು ಕಂಡಷ್ಟೇ ಹೇಳುವುದು ಅವರ ರೀತಿ. ನ್ಯಾಯಾಧೀಶನ ಕೆಲಸ ಓದುಗನದು, ತಾನು ಸಾಕ್ಷಿ ಮಾತ್ರ ಎಂಬುದು ಅವರ ನಿಲುವು.

ಪುಸ್ತಕದ ಒಂದು ಮುಖ್ಯ ವಸ್ತು ಹಸಿವು. ಸ್ವತಂತ್ರ ಮನುಷ್ಯರು ಹುಟ್ಟಿಸಿದ ‘ಹಸಿವು’ ಎಂಬ ಮಾತು ಶಿಬಿರದ ಹಸಿವಿಗೆ ಸಾಲದು ಎನ್ನುತ್ತಾರೆ ಲೆವಿ. ಇದು ನಮಗೆ ಯೋಚಿಸತಕ್ಕ ವಿಷಯ. ನಾವು ಅಷ್ಟಮಿ ಚತುರ್ದಶಿಗಳಂದು ಉಪವಾಸ ಮಾಡುತ್ತೇವೆ. ಪಾರಣೆ ಯಾವಾಗ ಎಂಬುದು ನಮಗೆ ಗೊತ್ತಿರುತ್ತದೆ, ಬಿಡುವ ನಿರ್ಧಾರವೂ ನಮ್ಮದೇ. ಅನ್ನವನ್ನು ತಾನಾಗಿ ಬಿಟ್ಟವನ ಆತ್ಮ ಬಲಗೊಳ್ಳುತ್ತದೆ. ಇನ್ನೊಬ್ಬರು ಕಿತ್ತುಕೊಂಡಾಗ ಅದೇ ಹಸಿವು ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆ. ಒಂದು ತಪಸ್ಸು, ಇನ್ನೊಂದು ಹಿಂಸೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯಲಾಗದು.

ಆ ಹಸಿವಿನ ನಡುವೆಯೇ ಒಂದು ಪೇಟೆ ನಡೆಯುತ್ತಿತ್ತು. ನಾಜಿ ಕಾವಲುಗಾರರ ಮನೆಗಳಿಂದ ಅತಿ ದೂರದ ಮೂಲೆಯಲ್ಲಿ ಕೈದಿಗಳು ಸೇರುತ್ತಿದ್ದರು. ಅಲ್ಲಿ ನಾಣ್ಯವೆಂದರೆ ದಿನದ ಪಾಲಿನ ಬ್ರೆಡ್. ಹೊಸ ಕೈದಿಗೆ ಸೂಪು ಕುಡಿಯಲು ಚಮಚ ಸಹ ಕೊಡುತ್ತಿರಲಿಲ್ಲ; ಬ್ರೆಡ್ ತೆತ್ತು ಕೊಳ್ಳಬೇಕು. ಮೈಮೇಲಿನ ಅಂಗಿ, ಬಾಯೊಳಗಿನ ಬಂಗಾರದ ಹಲ್ಲು, ಎಲ್ಲಕ್ಕೂ ದರವಿತ್ತು. ತಂಬಾಕಿನ ದರ ಏರುತ್ತ ಇಳಿಯುತ್ತ ಇತ್ತು. ಈ ಪೇಟೆಯನ್ನು ಲೆವಿ ಬಹಳ ನಿಖರವಾಗಿ ವರ್ಣಿಸಿ, ಮುಳ್ಳುತಂತಿಯ ಒಳಗೆ ನಮ್ಮ ನಿತ್ಯದ ಧರ್ಮ ಅಧರ್ಮಗಳಲ್ಲಿ ಎಷ್ಟು ಉಳಿದೀತು, ನೀವೇ ಹೇಳಿ ಎಂದು ಓದುಗರಿಗೆ ಬಿಡುತ್ತಾರೆ. ಕೊಟ್ಟು ಕೊಳ್ಳುವುದು ತಪ್ಪೆಂದು ಅವರು ಹೇಳುವುದಿಲ್ಲ. ಅದರ ಹೊರಗೆ ಇನ್ನೇನೂ ಉಳಿಯದಿದ್ದರೆ ಮನುಷ್ಯ ಉಳಿಯನು ಎಂಬುದೇ ಇಲ್ಲಿಯ ತಾತ್ಪರ್ಯ.

ಆ ಪೇಟೆಗೆ ಸಿಗದ ವ್ಯಕ್ತಿಯೊಬ್ಬ ಈ ಕಥನದಲ್ಲಿ ಬರುತ್ತಾನೆ. ಹೆಸರು ಲೊರೆಂಜೊ ಪೆರೋನೆ, ಇಟಲಿಯ ಫೊಸ್ಸಾನೊ ಊರಿನ ಗೌಂಡಿ. ಕೈದಿಯಲ್ಲ, ಕೂಲಿಗಾಗಿ ಅಲ್ಲಿಗೆ ಬಂದವನು. ಕೈದಿಗಳೊಂದಿಗೆ ಮಾತಾಡಿದರೂ ಶಿಕ್ಷೆಯಾಗುವಂಥ ಕಾಲ. ಆತ ಆರು ತಿಂಗಳು ದಿನಾಲು ತನ್ನ ಪಾಲಿನ ಬ್ರೆಡ್ ಮತ್ತು ಉಳಿದ ಊಟ ತಂದು ಲೆವಿಗೆ ಕೊಟ್ಟ. ತೇಪೆ ಹಾಕಿದ ತನ್ನ ಒಳಂಗಿ ಕೊಟ್ಟ. ಲೆವಿಯ ಪರವಾಗಿ ಊರಿಗೆ ಕಾರ್ಡು ಬರೆದು ಉತ್ತರವನ್ನೂ ತರಿಸಿಕೊಟ್ಟ. ಪ್ರತಿಯಾಗಿ ಏನನ್ನೂ ಕೇಳಲಿಲ್ಲ.

ಲೆವಿ ಮುಂದೊಂದು ಕೃತಿಯಲ್ಲಿ ಇನ್ನೊಂದು ಸಂಗತಿ ಹೇಳಿದ್ದಾರೆ. ಒಂದು ದಿನ ಲೊರೆಂಜೊ ತಂದ ಸೂಪಿನಲ್ಲಿ ಮಣ್ಣು, ಹರಳು ಇದ್ದವು. ಸೂಪು ಹೊಲಸಾಗಿದೆ, ಕ್ಷಮಿಸು ಎಂದಷ್ಟೇ ಹೇಳಿದ. ಹತ್ತಿರದಲ್ಲೇ ಬಾಂಬು ಬಿದ್ದು ತನ್ನ ಕಿವಿಯ ತಮಟೆ ಒಡೆದಿತ್ತೆಂಬುದನ್ನು ಬಹಳ ಕಾಲದ ಮೇಲೆ ತಿಳಿಸಿದ. ಲೆವಿಗೆ ಋಣದ ಭಾರ ತಟ್ಟಬಾರದೆಂದು ಅದುವರೆಗೆ ಮುಚ್ಚಿಟ್ಟಿದ್ದ.

ನಮ್ಮ ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ದಾತಾರನಿಗೆ ಏಳು ಗುಣ ಹೇಳಿದ್ದಾರೆ. ಇಹದ ಫಲವನ್ನು ಬಯಸದಿರುವುದು ಮೊದಲನೆಯದು, ಅಹಂಕಾರ ಇಲ್ಲದಿರುವುದು ಕೊನೆಯದು. ಆ ಗೌಂಡಿ ಶಾಸ್ತ್ರ ಓದಿದವನಲ್ಲ. ಆದರೂ ಈ ಎರಡು ಗುಣಗಳಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಹುಡುಕುವುದು ಕಷ್ಟ. ತನ್ನನ್ನು ಉಳಿಸಿದ್ದು ಆ ಊಟಕ್ಕಿಂತ ಹೆಚ್ಚಾಗಿ, ಹೊರಗೆ ಇನ್ನೂ ಒಳ್ಳೆಯತನ ಉಳಿದಿದೆ ಎಂಬ ನೆನಪು ಎಂದು ಲೆವಿ ಬರೆಯುತ್ತಾರೆ. ಮುಂದೆ ಅವರು ತಮ್ಮ ಮಗಳಿಗೆ ಲೀಸಾ ಲೊರೆಂಜಾ, ಮಗನಿಗೆ ರೆಂಜೊ ಎಂದು ಹೆಸರಿಟ್ಟರು.

ಲೊರೆಂಜೊನ ಕೊನೆ ಸುಖದ್ದಲ್ಲ. ಕಂಡ ಕ್ರೌರ್ಯ ಅವನ ಬದುಕುವ ಆಸೆಯನ್ನೇ ಹಿಂಗಿಸಿತು. ಕುಡಿತಕ್ಕೆ ಬಿದ್ದು 1952ರಲ್ಲಿ ತೀರಿಕೊಂಡ. ಹಿಂಸೆ ನೋಡುವವರನ್ನೂ ಸುಡುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. 1998ರಲ್ಲಿ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಯಹೂದಿಗಳನ್ನು ಕಾಪಾಡಿದ ಸಜ್ಜನರ ಪಟ್ಟಿಯಲ್ಲಿ ಅವನ ಹೆಸರು ಸೇರಿಸಿತು.

ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಬ್ರೆಡ್ಡಿನ ಅರ್ಥವೇ ಬದಲಾಗುತ್ತದೆ. 1945ರ ಜನವರಿಯಲ್ಲಿ ಜರ್ಮನರು ಶಿಬಿರ ಬಿಟ್ಟು ಓಡಿದರು. ಜ್ವರ ಬಂದು ಆಸ್ಪತ್ರೆಯ ಕೋಣೆಯಲ್ಲಿ ಬಿದ್ದಿದ್ದ ಲೆವಿ, ಇನ್ನಿಬ್ಬರೊಂದಿಗೆ ಸೇರಿ ಒಂದು ಒಲೆ ಹುಡುಕಿ ತಂದು ಉರಿ ಹಚ್ಚಿದರು. ಆಗ ರೋಗಿಯೊಬ್ಬ, ದುಡಿದ ಈ ಮೂವರಿಗೆ ನಾವೆಲ್ಲ ಒಂದೊಂದು ಹೋಳು ಬ್ರೆಡ್ ಕೊಡೋಣ ಎಂದ. ಎಲ್ಲರೂ ಒಪ್ಪಿದರು. ಹಿಂದಿನ ದಿನದವರೆಗೆ ಅಲ್ಲಿ ನಿನ್ನ ಬ್ರೆಡ್ ತಿನ್ನು, ಸಾಧ್ಯವಾದರೆ ಪಕ್ಕದವನದನ್ನೂ ತಿನ್ನು ಎಂಬುದೇ ಕಾನೂನು. ಕೈದಿಗಳಾಗಿದ್ದ ತಾವು ಮತ್ತೆ ಮನುಷ್ಯರಾಗತೊಡಗಿದ್ದು ಆ ಕ್ಷಣದಿಂದ ಎನ್ನುತ್ತಾರೆ ಲೆವಿ. ಅಲ್ಲಿಯವರೆಗೆ ನಾಣ್ಯವಾಗಿದ್ದ ಬ್ರೆಡ್ ಅಂದು ದಾನವಾಯಿತು.

1947ರಲ್ಲಿ ಒಂದು ಸಣ್ಣ ಪ್ರಕಾಶನ ಇದರ 2500 ಪ್ರತಿ ಅಚ್ಚು ಹಾಕಿತು. ಹೆಚ್ಚು ಜನ ಓದಲಿಲ್ಲ. 1958ರಲ್ಲಿ ಮರುಮುದ್ರಣವಾದ ಮೇಲೆ ಲೋಕದ ಗಮನಕ್ಕೆ ಬಂತು. ಇಂಗ್ಲಿಷ್ ಅನುವಾದ ಸಿಗುತ್ತದೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಓದಿಸಿರಿ.

ದಶಲಕ್ಷಣ ಪರ್ವದಲ್ಲಿ ದಾನಿಗಳ ಹೆಸರನ್ನು ಮೈಕಿನಲ್ಲಿ ಕೂಗುವುದು ನಮ್ಮಲ್ಲಿ ರೂಢಿ. ಅದರಿಂದ ಬಸದಿಯ ಕೆಲಸಗಳು ನಡೆಯುತ್ತವೆ, ಬೇಡವೆನ್ನಲಾಗದು. ಆದರೆ ಕಿರ್ದಿಯಲ್ಲಿ ಬರೆಯದ, ಪಡೆದವನಿಗೂ ಭಾರವಾಗದ ಒಂದು ಕೊಡುಗೆ ವರ್ಷಕ್ಕೊಮ್ಮೆಯಾದರೂ ಪ್ರತಿ ಮನೆಯಿಂದ ಹೋಗಲಿ. ಯಾರಿಗೆ ಕೊಟ್ಟಿರೆಂದು ನಿಮಗೂ ಅವರಿಗೂ ಗೊತ್ತಿದ್ದರೆ ಸಾಕು.