ಭಟ್ಟಿಯ ಬುಡದಲ್ಲಿ ಉಳಿದದ್ದು

1996ರಲ್ಲಿ ನ್ಯೂಜಿಲೆಂಡಿನ ಸರಕಾರವು ತನ್ನ ಪ್ರಜೆಗಳಿಗೆ ಒಂದು ಅಪರೂಪದ ಸ್ವಾತಂತ್ರ್ಯವನ್ನು ದಯಪಾಲಿಸಿತು. ಮಾರಾಟದ ಉದ್ದೇಶವಿಲ್ಲದೆ, ಸ್ವಂತ ಬಳಕೆಗೆ ಮಾತ್ರವಾದರೆ, ಮನೆಯಲ್ಲಿಯೇ ಮದ್ಯವನ್ನು ಭಟ್ಟಿಯಿಳಿಸಿಕೊಳ್ಳಬಹುದು ಎಂಬುದೇ ಆ ಸ್ವಾತಂತ್ರ್ಯ. ಅಂದಿನಿಂದ ಅಲ್ಲಿನ ಕೆಲವು ಗೃಹಸ್ಥರಿಗೆ ಇದೊಂದು ವಿರಾಮದ ಹವ್ಯಾಸವಾಗಿದೆ. ಕಾಕಂಬಿಯನ್ನು ನೀರಿನಲ್ಲಿ ಕದಡಿ, ಯೀಸ್ಟ್ ಬೆರೆಸಿ, ಹುಳಿಯಲು ಬಿಟ್ಟು, ಬಳಿಕ ತಾಮ್ರದ ಪುಟ್ಟ ಭಟ್ಟಿಯಲ್ಲಿ ಕಾಯಿಸಿ ಅವರು ರಮ್ ತಯಾರಿಸುತ್ತಾರೆ. ಕರ್ನಾಟಕದಲ್ಲಿ ಇಂಥ ಪ್ರಯೋಗಕ್ಕೆ ಕೈಹಾಕುವವರನ್ನು 1965ರ ಅಬಕಾರಿ ಕಾಯಿದೆ ಬಿಡುವುದಿಲ್ಲವಾದ್ದರಿಂದ, ಇಲ್ಲಿನವರು ವಿಷಯವನ್ನು ಓದಿಯೇ ತೃಪ್ತರಾಗಬೇಕು. ಹಾಗೆಂದು ಮದ್ಯದ ಮಾತೆಂದು ಗೃಹಿಣಿಯರು ಪುಟ ತಿರುವಬೇಕಾದ ಅಗತ್ಯವೇನೂ ಇಲ್ಲ. ಮುಂದಿರುವುದು ಬಹುಮಟ್ಟಿಗೆ ಹುಳಿಯ ಕಥೆ. ಹುಳಿಯ ವಿಷಯದಲ್ಲಿ ಅವರಿಗಿಂತ ಬಲ್ಲವರು ಯಾರು?

ಭಟ್ಟಿಯಲ್ಲಿ ಮೊದಲು ಆವಿಯಾಗಿ ಹೋಗುವುದು ಮದ್ಯಸಾರ. ಇಪ್ಪತ್ತೈದು ಲೀಟರು ಹುಳಿರಸವನ್ನು ಕಾಯಿಸಿದರೆ ಕೊನೆಗೆ ತಳದಲ್ಲಿ ಇಪ್ಪತ್ತು ಲೀಟರಿನಷ್ಟು ಕಂದುಬಣ್ಣದ ನೀರು ಉಳಿದುಬಿಡುತ್ತದೆ. ಅದರಲ್ಲಿ ಅಮಲೂ ಇಲ್ಲ, ಸಿಹಿಯೂ ಇಲ್ಲ. ಬಾಯಿಗೆ ಹಾಕಿದರೆ ಕಹಿ, ಹುಳಿ, ಕೊಂಚ ಉಪ್ಪು. ಹೊಸಬನು ಅದನ್ನು ಚರಂಡಿಗೆ ಸುರಿಯುತ್ತಾನೆ. ಅನುಭವವುಳ್ಳವನು ಒಂದಿಷ್ಟನ್ನು ಪಾತ್ರೆಯಲ್ಲಿ ತೆಗೆದಿಟ್ಟು, ಮುಂದಿನ ಸಲ ಕಾಕಂಬಿಯನ್ನು ಕದಡುವಾಗ ನೀರಿನ ಒಂದು ಪಾಲಿಗೆ ಬದಲಾಗಿ ಇದನ್ನೇ ಬೆರೆಸುತ್ತಾನೆ. ಹಾಗೆ ಮಾಡಿದ ರಮ್ಮಿಗೆ ಮೈ ಬರುತ್ತದೆ, ಕಂಪು ಹೆಚ್ಚುತ್ತದೆ ಎಂದು ಅವನ ನಂಬಿಕೆ. ಈ ಉಳಿಕೆಗೆ ಅವನು ಹೇಳುವ ಹೆಸರು ಡಂಡರ್. ಹೆಸರೂ ಪದ್ಧತಿಯೂ ಅವನವಲ್ಲ. ಎರಡೂ ಜಮೈಕ ದ್ವೀಪದಿಂದ ಬಂದವು.

ತುಂಬಿ ಹರಿಯುವುದು, ಮಿಕ್ಕುವುದು ಎಂಬ ಅರ್ಥದ ಸ್ಪ್ಯಾನಿಷ್ ಮಾತಿನಿಂದ ಆ ಹೆಸರು ಹುಟ್ಟಿತೆಂದು ಹೇಳುವುದುಂಟು. 1655ರಲ್ಲಿ ಇಂಗ್ಲಿಷರು ಸ್ಪೇನಿನವರಿಂದ ಕಸಿದುಕೊಂಡ ದ್ವೀಪದಲ್ಲಿ ಇಂಥ ಪದವೊಂದು ಉಳಿದುಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅನಂತರದ ಒಂದೂವರೆ ಶತಮಾನಕ್ಕೂ ಮಿಕ್ಕ ಕಾಲ, ಎಂದರೆ 1838ರಲ್ಲಿ ಪೂರ್ಣ ಬಿಡುಗಡೆ ದೊರೆಯುವವರೆಗೆ, ಅಲ್ಲಿ ಕಬ್ಬನ್ನು ಕಡಿದವರೂ, ಗಾಣದಲ್ಲಿ ಅರೆದವರೂ, ಭಟ್ಟಿಮನೆಯ ಬೆಂಕಿಯ ಮುಂದೆ ನಿಂತವರೂ ಆಫ್ರಿಕದಿಂದ ತಂದ ಗುಲಾಮರು ಮತ್ತು ಅವರ ಮಕ್ಕಳು. ಯಾವ ತೊಟ್ಟಿಯ ಡಂಡರ್ ಹದವಾಗಿದೆ, ಯಾವುದು ಕೆಟ್ಟಿದೆ ಎಂಬುದನ್ನು ದಿನವೂ ಮೂಗಿನಿಂದ ಅರಿತಿದ್ದವರು ಅವರೇ. ಆದರೆ ಪುಸ್ತಕ ಬರೆದವರು ಒಡೆಯರು.

ಅಂಥ ಒಡೆಯರಲ್ಲಿ ಬ್ರಯನ್ ಎಡ್ವರ್ಡ್ಸ್ ಎಂಬಾತನೊಬ್ಬ. ವೆಸ್ಟ್ ಇಂಡೀಸಿನ ಬ್ರಿಟಿಷ್ ವಸಾಹತುಗಳನ್ನು ಕುರಿತು 1793ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ ರಮ್ಮಿನ ಪಾಕಕ್ರಮವೂ ಇದೆ. ನೂರು ಗ್ಯಾಲನ್ ಹುಳಿರಸಕ್ಕೆ ಐವತ್ತು ಗ್ಯಾಲನ್ ಡಂಡರ್, ಆರು ಗ್ಯಾಲನ್ ಕಾಕಂಬಿ, ಕಬ್ಬಿನ ಹಾಲು ಕುದಿಯುವಾಗ ಕೊಪ್ಪರಿಗೆಯಿಂದ ತೆಗೆದ ಮೇಲ್ನೊರೆ ಮೂವತ್ತಾರು ಗ್ಯಾಲನ್, ಉಳಿದ ಎಂಟು ಗ್ಯಾಲನ್ ನೀರು. ಅರ್ಧಕ್ಕರ್ಧ ಹಿಂದಿನ ಸಲದ ಉಳಿಕೆಯೇ ಆಯಿತಲ್ಲವೆ! ಹಿಟ್ಟಿಗೆ ಹುದುಗು ಹೇಗೋ ರಮ್ಮಿಗೆ ಡಂಡರ್ ಹಾಗೆ ಎಂಬುದು ಅವನ ಅಭಿಪ್ರಾಯ. ಜೊತೆಗೆ, ಕೆಲವರು ಒಂದು ಹಂಗಾಮಿನ ಡಂಡರನ್ನು ಮುಂದಿನ ಹಂಗಾಮಿನವರೆಗೆ ಇಟ್ಟುಕೊಳ್ಳುತ್ತಾರೆ, ಅದು ಕೆಟ್ಟ ರೂಢಿ ಎಂಬ ಎಚ್ಚರಿಕೆಯನ್ನೂ ಅವನು ಕೊಟ್ಟಿದ್ದಾನೆ.

ಎರಡು ಮಾತಿನಲ್ಲಿಯೂ ಎಡ್ವರ್ಡ್ಸ್ ತಪ್ಪಿದ. ಆ ತಪ್ಪು ಸ್ವಾರಸ್ಯವಾದದ್ದು.

ಹಾಲಿಗೆ ಹಾಕುವ ಹೆಪ್ಪಿನಲ್ಲಿ ಜೀವವಿದೆ. ಅದನ್ನು ಕುದಿಸಿ ಹಾಕಿದರೆ ಹಾಲು ಹಾಲಾಗಿಯೇ ಉಳಿದೀತೆಂಬುದನ್ನು ಯಾವ ಅಜ್ಜಿಯಾದರೂ ಹೇಳಬಲ್ಲಳು. ಡಂಡರ್ ಎಂಬುದು ಗಂಟೆಗಟ್ಟಲೆ ಕುದಿದು ಬಂದ ನೀರು. ಅದರೊಳಗಿನ ಯೀಸ್ಟೆಲ್ಲ ಸತ್ತುಹೋಗಿರುತ್ತದೆ. ಆದ್ದರಿಂದ ಅದು ಹುದುಗಲಾರದು. ಹಾಗಾದರೆ ಅದು ಮಾಡುವ ಉಪಕಾರವೇನು? ಒಂದನೆಯದಾಗಿ, ಸತ್ತ ಯೀಸ್ಟು ಹೊಸ ಯೀಸ್ಟಿಗೆ ಆಹಾರ. ಮತ್ತೊಂದು, ಡಂಡರಿನ ಹುಳಿಯು ಹೊಸ ರಸವನ್ನು ಮೊದಲ ಗಳಿಗೆಯಿಂದಲೇ ಹುಳಿಯಾಗಿಸಿ, ಬೇಡದ ಎಷ್ಟೋ ಸೂಕ್ಷ್ಮಜೀವಿಗಳು ಒಳನುಗ್ಗದಂತೆ ಕಾವಲು ನಿಲ್ಲುತ್ತದೆ. ಅಮೆರಿಕದ ಕೆಂಟಕಿಯಲ್ಲಿ ವಿಸ್ಕಿ ಮಾಡುವವರು ಭಟ್ಟಿಯ ಉಳಿಕೆಯನ್ನು ಮುಂದಿನ ಗಂಜಿಗೆ ಬೆರೆಸುವುದೂ ಮುಖ್ಯವಾಗಿ ಈ ಉದ್ದೇಶದಿಂದಲೇ.

ಇಷ್ಟೇ ಆಗಿದ್ದರೆ ಡಂಡರಿಗೆ ಅಷ್ಟೊಂದು ಕೀರ್ತಿ ಬರುತ್ತಿರಲಿಲ್ಲ. ಕಂಪಿನ ಗುಟ್ಟು ಇರುವುದು ಎಡ್ವರ್ಡ್ಸ್ ಬೇಡವೆಂದ ಹಳೆಯ ಡಂಡರಿನಲ್ಲಿ. ತಣ್ಣಗಾದ ಉಳಿಕೆಯನ್ನು ತೆರೆದ ತೊಟ್ಟಿಯಲ್ಲಿ ಬಿಟ್ಟರೆ ಗಾಳಿಯಿಂದಲೂ ಮಣ್ಣಿನಿಂದಲೂ ಬ್ಯಾಕ್ಟೀರಿಯಗಳು ಬಂದು ನೆಲೆಸುತ್ತವೆ. ಅವು ತಿಂಗಳುಗಟ್ಟಲೆ ಬಗೆಬಗೆಯ ಆಮ್ಲಗಳನ್ನು ತಯಾರಿಸುತ್ತ ಹೋಗುತ್ತವೆ. ಅವುಗಳಲ್ಲಿ ಬ್ಯುಟಿರಿಕ್ ಆಮ್ಲ ಎಂಬುದೊಂದಿದೆ. ಕಮಟು ಹಿಡಿದ ಬೆಣ್ಣೆಯಲ್ಲಿ ಮೂಗಿಗೆ ಬಡಿಯುವ ವಾಸನೆ ಅದರದೇ. ಇಂಥದನ್ನು ಯಾರು ತಾನೆ ಆಹಾರಕ್ಕೆ ಬೆರೆಸಿಯಾರು? ಆದರೆ ಆಮ್ಲವೂ ಮದ್ಯಸಾರವೂ ಕೂಡಿದಾಗ ಎಸ್ಟರ್ ಎಂಬ ಮೂರನೆಯ ವಸ್ತು ಹುಟ್ಟುತ್ತದೆ. ಕಮಟು ಬೆಣ್ಣೆಯ ಆ ಆಮ್ಲವು ಮದ್ಯಸಾರದೊಡನೆ ಕೂಡಿದರೆ ಸಿಗುವುದು ಮಾಗಿದ ಅನಾನಸ್ ಹಣ್ಣಿನ ಪರಿಮಳ! ದುರ್ಗಂಧವು ಸುಗಂಧವಾಗುವ ಈ ಮಾರ್ಪಾಟು ರಸಾಯನಶಾಸ್ತ್ರದ ವಿನೋದಗಳಲ್ಲೊಂದು.

ಜಮೈಕದ ಟ್ರೆಲಾನಿ ಪ್ರಾಂತದ ಹ್ಯಾಂಪ್ಡನ್ ಎಂಬ ಹಳೆಯ ಕಬ್ಬಿನ ತೋಟದಲ್ಲಿ ಈ ವಿದ್ಯೆ ಇಂದಿಗೂ ಜೀವಂತವಾಗಿದೆ. 1753ರಷ್ಟು ಹಿಂದಿನ ಆ ತೋಟದ ಭಟ್ಟಿಮನೆಯಲ್ಲಿ ಡಂಡರ್ ಸಾಲದೆಂದು ‘ಮಕ್’ ಎಂಬ ಇನ್ನೊಂದು ಕೊಳೆಗುಂಡಿಯೂ ಉಂಟು. ಡಂಡರಿನ ಮಡ್ಡಿ, ಕಬ್ಬಿನ ಕಸ ಮೊದಲಾದವು ಅಲ್ಲಿ ಕೊಳೆತು, ಅತಿ ಉಗ್ರವಾದ ಆಮ್ಲಗಳ ಖಜಾನೆಯಾಗುತ್ತವೆ. ಗುಂಡಿಗೆ ಸತ್ತ ಆಡುಗಳನ್ನು ಎಸೆಯುತ್ತಾರೆಂಬ ಕಥೆಯೊಂದು ಪ್ರವಾಸಿಗಳ ಬಾಯಲ್ಲಿ ಓಡಾಡುತ್ತದೆ. ಕೇಳುಗರ ಮೈ ಜುಮ್ಮೆನಿಸಲು ಚೆನ್ನಾಗಿದೆ. ಆದರೆ ಗುಂಡಿಗೆ ಬೇಕಾದುದು ಆಡಲ್ಲ, ಅವಧಿ. ಸಾಮಾನ್ಯವಾದ ತೆಳು ರಮ್ಮಿನ ರಸ ಒಂದೆರಡು ದಿನಗಳಲ್ಲಿ ಹುಳಿಯುವುದಾದರೆ, ಹ್ಯಾಂಪ್ಡನ್ನಿನ ಮರದ ತೊಟ್ಟಿಗಳಲ್ಲಿ ಹೊರಗಿನ ಯೀಸ್ಟಿಲ್ಲದೆ, ತಾನಾಗಿ ಬಂದು ಕೂಡಿದ ಜೀವಿಗಳಿಂದಲೇ, ಅದು ವಾರಗಟ್ಟಲೆ ಹುಳಿಯುತ್ತದೆ.

ಅಲ್ಲಿನ ರಮ್ಮುಗಳಿಗೆ ದರ್ಜೆ ಕಟ್ಟುವುದೇ ಎಸ್ಟರಿನ ಲೆಕ್ಕದಿಂದ. ನೂರು ಲೀಟರು ಶುದ್ಧ ಮದ್ಯಸಾರಕ್ಕೆ 1600 ಗ್ರಾಂ ಎಂಬುದು ದ್ವೀಪದಲ್ಲಿ ಹಾಕಿಕೊಂಡ ಮೇಲಿನ ಮಿತಿ. ಆ ಮಿತಿಯನ್ನು ಮುಟ್ಟುವ ರಮ್ಮನ್ನು ಹಾಗೆಯೇ ಕುಡಿಯಲೆಂದು ಮಾಡುವುದಿಲ್ಲ. ಹಿಂಗಿನಂತೆ ಅದು ಒಗ್ಗರಣೆಯ ವಸ್ತು. ಇದರ ಮರ್ಮವನ್ನು ಮೊದಲು ಲಾಭಕ್ಕೆ ತಿರುಗಿಸಿಕೊಂಡವರು ಜರ್ಮನಿಯವರು. 19ನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಆಮದು ರಮ್ಮಿನ ಮೇಲೆ ಭಾರಿ ಸುಂಕ ಬಿತ್ತು. ವ್ಯಾಪಾರಿಗಳು ಜಮೈಕದಿಂದ ಅತ್ಯಂತ ಘಾಟಾದ ರಮ್ಮನ್ನು ಕೊಂಚವೇ ತರಿಸಿ, ಸ್ಥಳೀಯವಾದ ವಾಸನೆಯಿಲ್ಲದ ಮದ್ಯಸಾರಕ್ಕೆ ಬೆರೆಸಿ ಮಾರಿದರು. ಆ ಮಿಶ್ರಣ ಇಂದಿಗೂ ಇದೆ. ಅದರ ಮದ್ಯಸಾರದಲ್ಲಿ ನೂರಕ್ಕೆ ಐದು ಪಾಲು ರಮ್ಮಿನದಿದ್ದರೆ ಸಾಕು.

ಗುಂಡಿಯ ಗುಟ್ಟನ್ನು ಗಾಜಿನ ನಳಿಕೆಗೆ ಇಳಿಸಲು ಹೊರಟವನು ಪೋರ್ಟೊರಿಕೊ ದ್ವೀಪದ ರಸಾಯನಜ್ಞ ರಫಾಯೆಲ್ ಅರೊಯೊ. ರಮ್ಮನ್ನು ಕುರಿತ ಅವನ ದೊಡ್ಡ ವರದಿ 1945ರಲ್ಲಿ ಪ್ರಕಟವಾಯಿತು. ಬ್ಯುಟಿರಿಕ್ ಆಮ್ಲವನ್ನು ಉತ್ಪಾದಿಸುವ ಬ್ಯಾಕ್ಟೀರಿಯವೊಂದನ್ನು ಪ್ರತ್ಯೇಕಿಸಿ, ಯೀಸ್ಟಿನೊಡನೆ ಲೆಕ್ಕಾಚಾರವಾಗಿ ಬೆಳೆಸಿದರೆ, ಕೊಳೆಗುಂಡಿಯ ಹಂಗಿಲ್ಲದೆ ಅದೇ ಕಂಪನ್ನು ಪಡೆಯಬಹುದೆಂದು ಅವನು ತೋರಿಸಿಕೊಟ್ಟ. ಆದರೂ ಹ್ಯಾಂಪ್ಡನ್ನಿನವರು ಗುಂಡಿಯನ್ನು ಮುಚ್ಚಲಿಲ್ಲ.

ಈಗ ನ್ಯೂಜಿಲೆಂಡಿನ ಗೃಹಸ್ಥನ ಪಾತ್ರೆಗೆ ಮರಳಿದರೆ ಅವನ ನಂಬಿಕೆ ಎಷ್ಟರಮಟ್ಟಿಗೆ ದಿಟವೆಂಬುದು ತಿಳಿಯುತ್ತದೆ. ಈ ವಾರ ಕಾಯಿಸಿದ್ದನ್ನು ಮುಂದಿನ ವಾರ ಬೆರೆಸಿದರೆ ಅವನಿಗೆ ದೊರಕುವುದು ಹುಳಿಯ ಕಾವಲು, ಯೀಸ್ಟಿನ ಮೇವು ಮತ್ತು ಕಾಕಂಬಿಯ ಕೊಂಚ ಗಾಢವಾದ ರುಚಿ. ಇದು ಕಡಿಮೆಯ ಲಾಭವೇನಲ್ಲ. ಜಮೈಕದ ಅನಾನಸ್ ಪರಿಮಳ ಮಾತ್ರ ಅದರಿಂದ ಬರುವುದಿಲ್ಲ. ಅದಕ್ಕೆ ಹಳಸಿದ ಡಂಡರ್ ಬೇಕು, ಡಂಡರ್ ಹಳಸಲು ತಿಂಗಳುಗಳು ಬೇಕು, ಅಷ್ಟು ಕಾಲ ಆ ವಾಸನೆಯನ್ನು ಸೈರಿಸುವ ಹೆಂಡತಿಯೂ ನೆರೆಹೊರೆಯವರೂ ಬೇಕು. ಆಸೆಯಿಂದ ಅಳತೆ ಮೀರಿ ಸುರಿದರೆ ಹುಳಿ ಅತಿಯಾಗಿ ಯೀಸ್ಟು ಕೆಲಸ ನಿಲ್ಲಿಸಿಬಿಡುತ್ತದೆ. ಅದೇ ಉಳಿಕೆಯನ್ನು ಮತ್ತೆಮತ್ತೆ ತಿರುಗಿಸಿದರೂ ಕಷ್ಟವೇ. ಕಾಕಂಬಿಯ ಲವಣಗಳು ಆವಿಯಾಗದೆ ತಳದಲ್ಲಿಯೇ ನಿಲ್ಲುವುದರಿಂದ ಪ್ರತಿ ಸುತ್ತಿಗೂ ಉಪ್ಪು ಏರುತ್ತ ಹೋಗುತ್ತದೆ.

ಎಂದ ಮೇಲೆ, ಎಷ್ಟೇ ಜಾಣತನದಿಂದ ಬಳಸಿದರೂ ಡಂಡರಿನ ಹೆಚ್ಚಿನ ಭಾಗ ಹೊರಗೆ ಹೋಗಲೇಬೇಕು. ಮನೆಯ ಭಟ್ಟಿಯಲ್ಲಿ ಅದು ಒಂದು ಬಕೆಟ್ಟಿನ ಮಾತು. ಕಾರ್ಖಾನೆಯಲ್ಲಿ ಅದೊಂದು ಹೊಳೆ. ಕಾಕಂಬಿಯಿಂದ ಒಂದು ಲೀಟರು ಮದ್ಯಸಾರ ತೆಗೆದರೆ ಹತ್ತು ಲೀಟರಿಗೂ ಮೇಲ್ಪಟ್ಟು ಈ ಕಂದು ನೀರು ಉಳಿಯುವುದು ಸಾಮಾನ್ಯ. ಅದನ್ನು ಹಾಗೆಯೇ ನದಿಗೆ ಬಿಟ್ಟರೆ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಅದು ಹೀರಿ, ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಡಂಡರಿಗೆ ಹೆಸರಿಟ್ಟ ಜಮೈಕದಲ್ಲಿಯೂ ಹೀಗಾದುದುಂಟು.

ಕನ್ನಡನಾಡಿಗೂ ಈ ನೀರು ಅಪರಿಚಿತವಲ್ಲ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ನೆಲೆಗೊಂಡಂದಿನಿಂದ ಇಲ್ಲಿಯೂ ಕಾಕಂಬಿಯ ಮದ್ಯಸಾರ ಇಳಿಯುತ್ತ ಬಂದಿದೆ. ಆದರೆ ಭಾರತದ ಕಾರ್ಖಾನೆಗಳು ಬಹುಮಟ್ಟಿಗೆ ಎತ್ತರದ ಸ್ತಂಭಗಳಲ್ಲಿ ಮದ್ಯಸಾರವನ್ನು ಶುದ್ಧಗೊಳಿಸಿ ಇಳಿಸುವುದರಿಂದ, ತಳದ ಉಳಿಕೆಯಿಂದ ಕಂಪನ್ನು ಬಯಸುವ ರೂಢಿ ಇಲ್ಲಿ ಬೆಳೆಯಲಿಲ್ಲ. ಇಲ್ಲಿ ಅದನ್ನು ಮುಚ್ಚಿದ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಗಳಿಗೆ ಉಣಿಸಿ ಅನಿಲವನ್ನು ಪಡೆಯುತ್ತಾರೆ; ಮಿಕ್ಕಿದ್ದನ್ನು ಸಕ್ಕರೆ ಕಾರ್ಖಾನೆಯ ಮಡ್ಡಿಯೊಡನೆ ಬೆರೆಸಿ ಗೊಬ್ಬರ ಮಾಡುತ್ತಾರೆ, ಇಲ್ಲವೆ ಗಟ್ಟಿಯಾಗಿ ಇಂಗಿಸಿ ಬಾಯ್ಲರಿನಲ್ಲಿ ಉರಿಸುತ್ತಾರೆ. ಕಾಕಂಬಿಯ ಪೊಟ್ಯಾಷ್ ಎಲ್ಲವೂ ಆ ಬೂದಿಯಲ್ಲಿ ಉಳಿಯುತ್ತದೆ. ಅದು ಗೊಬ್ಬರವಾಗಿ ಮತ್ತೆ ಹೊಲಕ್ಕೆ ಹೋಗುತ್ತದೆ.