ಕೈಬಿಡುವ ಅಧಿಕಾರ ಯಾರಿಗಿದೆ?

ಟೆಕ್ ಕಂಪನಿಗಳಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಎಂಬ ಹುದ್ದೆ ಇದೆ. ಬೆಂಗಳೂರಿನ ಬೆಳ್ಳಂದೂರಿನಲ್ಲಾಗಲಿ, ಮೆಲ್ಬರ್ನ್‌ನ ಪಶ್ಚಿಮ ಅಂಚಿನ ಟಾರ್ನೀಟ್‌ನಲ್ಲಾಗಲಿ, ಆ ಕೆಲಸ ಹಿಡಿದ ಮಕ್ಕಳ ತಂದೆ ತಾಯಿಗೆ ಅದನ್ನು ನೆಂಟರಿಗೆ ವಿವರಿಸುವುದು ಕಷ್ಟ. ಕೋಡ್ ಬರೆಯುವವರು ಬೇರೆ, ವಿನ್ಯಾಸ ಮಾಡುವವರು ಬೇರೆ, ಮಾರುವವರು ಬೇರೆ. ಹಾಗಾದರೆ ಇವರ ಪಾಲಿಗೆ ಉಳಿದದ್ದೇನು? ಉತ್ತರ ಟಾರ್ನೀಟ್ ರೈಲು ನಿಲ್ದಾಣದಲ್ಲೇ ಇದೆ. 2015ರ ಜೂನ್‌ನಲ್ಲಿ ಆ ನಿಲ್ದಾಣ ಶುರುವಾದಾಗ ಪ್ರಯಾಣಕ್ಕೆ ಮೈಕಿ ಎಂಬ ಟಿಕೆಟ್ ಕಾರ್ಡು ಬೇಕಿತ್ತು. ಊರಿನಿಂದ ಮಗಳ ಮನೆಗೆ ಬಂದ ತಾಯಿ ಒಂದೇ ಒಂದು ಸಲ ಪೇಟೆಗೆ ಹೋಗಿಬರಬೇಕೆಂದರೂ ಮೊದಲು ಆರು ಡಾಲರ್ ಕೊಟ್ಟು ಕಾರ್ಡು ಕೊಳ್ಳಬೇಕಿತ್ತು, ಆಮೇಲೆ ಅದಕ್ಕೆ ದುಡ್ಡು ತುಂಬಬೇಕಿತ್ತು. ಮಗಳು ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ತುಂಬಿದರೆ ಆ ಹಣ ಕಾರ್ಡಿಗೆ ಇಳಿಯಲು ಒಂದು ದಿನದವರೆಗೂ ಹಿಡಿಯುತ್ತಿತ್ತು. ಲೆಕ್ಕ ಇರುವುದು ಕಾರ್ಡಿನೊಳಗಿನ ಚಿಪ್ಪಿನಲ್ಲಿ. ತುಂಬಿದ ಸುದ್ದಿ ಮೊದಲು ಯಂತ್ರಗಳಿಗೆ ತಲುಪಬೇಕು, ಕಾರ್ಡು ಅವುಗಳಿಗೆ ತಾಗಿದಾಗಲೇ ಹಣ ಸೇರುವುದು. ಪ್ಲಾಟ್‌ಫಾರ್ಮಿನಲ್ಲಿ ರೈಲು ಬಂದು ನಿಂತಿರುವಾಗ ಈ ತಾಂತ್ರಿಕ ಸಮಜಾಯಿಷಿ ಯಾರಿಗೆ ಬೇಕು?

ಮೈಕಿಯ ಗುತ್ತಿಗೆ ಕೊಟ್ಟದ್ದು 2005ರಲ್ಲಿ. 2007ಕ್ಕೆ ಚಾಲ್ತಿಗೆ ಬರಬೇಕಿದ್ದ ವ್ಯವಸ್ಥೆ ಮೆಲ್ಬರ್ನ್ ರೈಲುಗಳಿಗೆ ಬಂದಾಗ 2009ರ ಡಿಸೆಂಬರ್ ಮುಗಿಯುತ್ತಿತ್ತು. ಅದಕ್ಕೂ ಮುಂಚಿನ ಟಿಕೆಟ್ ವ್ಯವಸ್ಥೆ ಮೆಟ್‌ಕಾರ್ಡ್ ಪೂರ್ತಿ ನಿಂತದ್ದು 2012ರ ಕೊನೆಗೆ. ಯೋಜನೆ ಅತಿಯಾಸೆಯದ್ದಾಗಿತ್ತು, ಒಪ್ಪಂದದಲ್ಲಿ ಸ್ಪಷ್ಟತೆ ಇರಲಿಲ್ಲ ಎಂದು ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಆಡಿಟರ್ ಜನರಲ್ 2015ರಲ್ಲಿ ವರದಿ ಕೊಟ್ಟರು. ಎಂಜಿನಿಯರುಗಳಿಗೆ ಕೆಲಸ ಬರುತ್ತಿರಲಿಲ್ಲ ಎಂದಲ್ಲ. ರೈಲು, ಟ್ರಾಮ್, ಬಸ್ಸು, ದೂರದೂರಿನ ಸಂಚಾರ ಎಲ್ಲವನ್ನೂ ಒಂದೇ ಕಾರ್ಡಿನಲ್ಲಿ ಹೊಲಿಯಲು ಹೊರಟಾಗ, ಯಾವುದು ಮೊದಲು, ಯಾವುದು ಸದ್ಯಕ್ಕೆ ಬೇಡ ಎಂದು ಪ್ರಯಾಣಿಕರ ಪರವಾಗಿ ನಿಂತು ಹೇಳುವ ಕೆಲಸ ಆಗಲಿಲ್ಲ. ಪ್ರಾಡಕ್ಟ್ ಮ್ಯಾನೇಜರ್ ಮಾಡಬೇಕಾದ ಕೆಲಸ ಇದೇ.

ಸಿಡ್ನಿಯೂ ಮೊದಲು ಎಡವಿದ ನಗರವೇ. 2000ದ ಒಲಿಂಪಿಕ್ಸ್ ಹೊತ್ತಿಗೆ ಬರಬೇಕಿದ್ದ ಟಿ-ಕಾರ್ಡ್ ಎಂಬ ಟಿಕೆಟ್ ಕಾರ್ಡು ಬರಲೇ ಇಲ್ಲ; 2008ರಲ್ಲಿ ಸರ್ಕಾರ ಆ ಗುತ್ತಿಗೆಯನ್ನೇ ರದ್ದು ಮಾಡಿತು. ಆ ನಗರದ ಟಿಕೆಟ್ ದರಗಳ ಗೋಜಲು ಸೋಲಿಗೆ ಒಂದು ದೊಡ್ಡ ಕಾರಣ. ಆಮೇಲೆ ಆದದ್ದು ನನಗೆ ಈ ಇಡೀ ಕಥೆಯಲ್ಲೇ ಮುಖ್ಯವಾಗಿ ಕಾಣುತ್ತದೆ. 2010ರ ಏಪ್ರಿಲ್‌ನಲ್ಲಿ ಮೈಝೋನ್ ಎಂಬ ಹೆಸರಿನಲ್ಲಿ ಆ ಗೋಜಲನ್ನು ಕೈಬಿಟ್ಟು ದರಗಳನ್ನೇ ಸರಳ ಮಾಡಿದರು. ರೈಲಿಗೆ ಐದು ಹಂತ, ಬಸ್ಸಿಗೆ ಮೂರು, ದೋಣಿಗೆ ಎರಡು. ಹೊಸ ಕಾರ್ಡು ಆಮೇಲೆ ಬಂತು. 2012ರ ಡಿಸೆಂಬರ್‌ನಲ್ಲಿ ಓಪಲ್ ಎಂಬ ಆ ಕಾರ್ಡು ಮೊದಲು ಕಾಲಿಟ್ಟದ್ದು ಇಡೀ ನಗರಕ್ಕಲ್ಲ, ದೋಣಿಗೆ. ಕಾರ್ಡಿಗೆ ಬೇರೆ ಬೆಲೆ ಇಡಲಿಲ್ಲ. 2017ರಲ್ಲಿ ಮ್ಯಾನ್ಲಿ ದೋಣಿಯಲ್ಲಿ ಬ್ಯಾಂಕ್ ಕಾರ್ಡನ್ನೇ ಮುಟ್ಟಿಸಿ ಹೋಗುವ ಪ್ರಯೋಗ ನಡೆಸಿ, ಒಂದೆರಡು ವರ್ಷದಲ್ಲಿ ರೈಲು ಬಸ್ಸಿಗೂ ತಂದರು. ಮೆಲ್ಬರ್ನ್‌ನಲ್ಲಿ ಅಂಥ ಸೌಲಭ್ಯಕ್ಕಾಗಿ ಹೊಸ ಗುತ್ತಿಗೆ ಕೊಡುವ ಹೊತ್ತಿಗೆ 2023 ಬಂದಿತ್ತು.

ಕೈಬಿಟ್ಟರೆ ಸಾಕು, ಎಲ್ಲ ಸರಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮೈಕಿಯಲ್ಲೂ 2011ರಲ್ಲಿ ಒಂದನ್ನು ಕೈಬಿಟ್ಟರು: ಅಪರೂಪಕ್ಕೆ ಓಡಾಡುವವರಿಗಾಗಿ ಇದ್ದ ಅಲ್ಪಾವಧಿಯ ಟಿಕೆಟ್ಟು, ಜೊತೆಗೆ ಟ್ರಾಮಿನೊಳಗೆ ಅದನ್ನು ಮಾರುವ ಯಂತ್ರ. ಬೊಕ್ಕಸಕ್ಕೆ ಉಳಿತಾಯವಾಯಿತು, ಹೊರೆ ಹೋಗಿ ಬಿದ್ದದ್ದು ಊರಿಗೆ ಹೊಸಬರಾದವರ ಮೇಲೆ. ಯಾರ ಕಷ್ಟ ಕಡಿಮೆಯಾಗುತ್ತದೆ ಎಂದು ನೋಡಿ ಕೈಬಿಡಬೇಕು. ಆಟೋ ಕರೆಯಲು ಬಳಸುವ ಬೆಂಗಳೂರಿನ ನಮ್ಮ ಯಾತ್ರಿ ಆ್ಯಪ್‌ನಲ್ಲಿ ಹಾಗೆ ಕೈಬಿಟ್ಟದ್ದು ಕಾಣುತ್ತದೆ. ಆಟೋ ಚಾಲಕರ ಸಂಕಟ ಪ್ರತಿ ಬಾಡಿಗೆಯಲ್ಲೂ ಮುರಿದುಕೊಳ್ಳುವ ಕಮಿಷನ್ ಎಂದು ಗುರುತಿಸಿ ಕಮಿಷನ್ನನ್ನೇ ಬಿಟ್ಟರು. ಪ್ರಯಾಣಿಕರು ದುಡ್ಡನ್ನು ನೇರವಾಗಿ ಚಾಲಕರಿಗೇ ಕೊಡುವ ಹಾಗೆ ಮಾಡಿದರು. ಆಮೇಲೆ ಖರ್ಚಿಗೆಂದು ದಿನಕ್ಕೆ 25 ರೂಪಾಯಿಯ ಶುಲ್ಕ ತಂದರು.

ಟಿಕೆಟ್ ಯೋಜನೆ ಸರ್ಕಾರದ್ದು, ಅಲ್ಲಿ ರಾಜಕೀಯವಿದೆ, ಕಂಪನಿಗೆ ಆ ಪಾಠ ಹೊಂದದು ಎಂದು ಯಾರಾದರೂ ವಾದಿಸಬಹುದು. ಆದರೆ ಕಂಪನಿಯಲ್ಲೂ ಸೇಲ್ಸ್‌ನವರಿಗೆ ಒಂದು ಬೇಕು, ಹಣಕಾಸಿನವರಿಗೆ ಇನ್ನೊಂದು, ದೊಡ್ಡ ಗಿರಾಕಿಗೆ ಮತ್ತೊಂದು. ಹೆಸರು ಬೇರೆ, ಎಳೆದಾಟ ಅದೇ. ಈ ಹುದ್ದೆಯೇ ದಂಡ ಎನ್ನುವವರು 2023ರಲ್ಲಿ ಏರ್‌ಬಿಎನ್‌ಬಿ ಕಂಪನಿಯ ಮುಖ್ಯಸ್ಥ ಬ್ರಯಾನ್ ಚೆಸ್ಕಿ ಆಡಿದ ಮಾತನ್ನು ಮುಂದಿಡುತ್ತಾರೆ. ಹಳೆಯ ಬಗೆಯ ಪ್ರಾಡಕ್ಟ್ ಮ್ಯಾನೇಜರ್ ಕೆಲಸವನ್ನು ತಮ್ಮಲ್ಲಿ ತೆಗೆದುಹಾಕಿದ್ದೇವೆ ಎಂದಿದ್ದರು ಅವರು. ನಿಜ, ಆದರೆ ಅವರು ಅದನ್ನು ಮಾರ್ಕೆಟಿಂಗ್ ಜೊತೆ ಬೆಸೆದು, ನಿರ್ಧಾರಗಳ ಉಸ್ತುವಾರಿಯನ್ನು ತಮ್ಮ ಕೈಗೇ ತೆಗೆದುಕೊಂಡರು. ಕೆಲಸ ಮೇಲಕ್ಕೆ ಹೋಯಿತು, ಇಲ್ಲವಾಗಲಿಲ್ಲ. ಎಐ ಕೋಡ್ ಬರೆಯತೊಡಗಿರುವ ಈಗಂತೂ ಕಟ್ಟುವುದು ಅಗ್ಗವಾಗುತ್ತಿದೆ, ಬೇಡದ್ದನ್ನೂ ಕಟ್ಟಿಬಿಡುವ ಆಮಿಷ ಹೆಚ್ಚುತ್ತಿದೆ.

ಒಂದು ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಬಹಳಷ್ಟು ಪ್ರಾಡಕ್ಟ್ ಮ್ಯಾನೇಜರುಗಳಿಗೆ ಹೊಣೆ ಇದೆ, ಅಧಿಕಾರವಿಲ್ಲ. ಮೇಲಿನವರು ತೀರ್ಮಾನಿಸಿದ್ದನ್ನು ಪಟ್ಟಿ ಮಾಡಿ ಎಂಜಿನಿಯರುಗಳಿಗೆ ದಾಟಿಸುವುದಷ್ಟೇ ಅವರ ಪಾಲಿಗೆ ಬಂದಿರುವಾಗ, ಇವರು ಯಾಕೆ ಬೇಕು ಎಂದು ಟೀಮಿನವರು ಕೇಳುವುದರಲ್ಲಿ ತಪ್ಪಿಲ್ಲ. ಇದು ಬದಲಾಗಬೇಕಾದರೆ ವರ್ಷಾಂತ್ಯದ ಅಪ್ರೈಸಲ್‌ನಿಂದಲೇ ಶುರು ಮಾಡಬಹುದು. ಎಷ್ಟು ಫೀಚರ್ ಬಿಡುಗಡೆ ಮಾಡಿದಿರಿ ಎಂದು ಕೇಳುವ ಜಾಗದಲ್ಲಿ, ಯಾವುದನ್ನು ಬೇಡವೆಂದಿರಿ, ಅದರಿಂದ ಬಳಸುವವರ ಯಾವ ದೂರು ನಿಂತಿತು ಎಂದೂ ಕೇಳಲಿ.