ಸ್ವಾಮಿಯ ಅಜ್ಜಿ ಮತ್ತು ನಮ್ಮ ಕಣ್ಣೀರು

ಗತಕಾಲವನ್ನು ಕೊಂಡಾಡುವುದು ಸುಲಭ. ಅದರ ಲೆಕ್ಕ ಒಪ್ಪಿಸುವುದು ಕಷ್ಟ. ನಮ್ಮ ಸಮಾಜದ ಸಭೆ ಸಮಾರಂಭಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: “ಇಂದಿನ ಧಾರಾವಾಹಿಗಳು ಮನೆ ಮುರಿಯುತ್ತಿವೆ. ‘ಮಾಲ್ಗುಡಿ ಡೇಸ್’ ನೋಡುತ್ತಿದ್ದ ಕಾಲದಲ್ಲಿ ಸಂಸಾರಗಳು ಎಷ್ಟು ಚೆನ್ನಾಗಿದ್ದವು!” ಈ ಮಾತಿನ ಮೊದಲರ್ಧದ ಬಗ್ಗೆ ನನ್ನ ತಕರಾರಿಲ್ಲ. ಎರಡನೆಯ ಅರ್ಧ ಸತ್ಯವಲ್ಲವೆಂದು ಹೇಳುವುದೇ ಈ ಬರಹದ ಉದ್ದೇಶ.

1987ರಲ್ಲಿ ದೂರದರ್ಶನದಲ್ಲಿ ಆ ಧಾರಾವಾಹಿ ಬಂದಾಗ ನಾನು ಬಾಲಕ. ಗೇರುಸೊಪ್ಪದ ನಮ್ಮ ಮನೆಯಲ್ಲಿ ಟಿ.ವಿ. ಇರಲಿಲ್ಲ, ಹೊನ್ನಾವರದ ನೆಂಟರ ಮನೆಯಲ್ಲಿ ಚಾಪೆಯ ಮೇಲೆ ಕುಳಿತು ನೋಡಿದೆ. ಹಿಂದಿ ಅರ್ಧಂಬರ್ಧ ತಿಳಿಯುತ್ತಿತ್ತು. ಆದರೆ ಆಗುಂಬೆಯ ಹೆಂಚಿನ ಮನೆಗಳು, ಮಾಸ್ಟರ್ ಮಂಜುನಾಥನ ಸ್ವಾಮಿ, ತಂದೆಯಾಗಿ ಗಿರೀಶ ಕಾರ್ನಾಡರು, ಎಲ್ಲವೂ ನಮ್ಮದೇ ಎನಿಸುತ್ತಿತ್ತು. ನಿರ್ದೇಶಕ ಶಂಕರ್ ನಾಗ್ ಹೊನ್ನಾವರದಲ್ಲಿ ಹುಟ್ಟಿದವರೆಂಬ ಹೆಮ್ಮೆ ಬೇರೆ.

ಈಚೆಗೆ ಮಕ್ಕಳೊಂದಿಗೆ ಅದನ್ನು ಮತ್ತೆ ನೋಡಿದೆ. ಸ್ವಾಮಿಯ ಕಥೆಗೆ ಮೂಲವಾದ ಆರ್.ಕೆ. ನಾರಾಯಣರ 1935ರ ಕಾದಂಬರಿಯನ್ನೂ ತೆರೆದೆ. ನಾನು ನೆನಪಿಟ್ಟುಕೊಂಡಿದ್ದ ಸಿಹಿ ಅಲ್ಲಿ ಅಷ್ಟಾಗಿ ಇರಲಿಲ್ಲ. ಹೆಡ್‌ಮಾಸ್ಟರರ ಬೆತ್ತವಿದೆ, ಶಾಲೆ ತಪ್ಪಿಸಲು ತಲೆನೋವಿನ ಸುಳ್ಳಿದೆ. ಶ್ರೀಮಂತ ಗೆಳೆಯ ರಾಜಂ ಮನೆಗೆ ಬರುವ ದಿನ, ‘ನೀನು ಮುದುಕಿ, ನನ್ನ ಕೋಣೆಗೆ ಬರಬೇಡ’ ಎಂಬರ್ಥದ ಮಾತನ್ನು ಹುಡುಗ ಅಜ್ಜಿಗೆ ಹೇಳುತ್ತಾನೆ. ಹೊಟ್ಟೆನೋವಿನಿಂದ ನರಳುತ್ತ ಒಂದು ನಿಂಬೆಹಣ್ಣು ತಂದುಕೊಡೆಂದು ಆಕೆ ಬೇಡಿದಾಗ ಕ್ರಿಕೆಟ್ಟಿಗೆ ಓಡುತ್ತಾನೆ. ಬಳಿಕ ಮನಸ್ಸು ಚುಚ್ಚಿ, ಅಜ್ಜಿ ಏನಾದಳೋ ಎಂದು ಹೆದರಿ ಮನೆಗೆ ಓಡಿಬರುತ್ತಾನೆ.

ನನ್ನ ಅಜ್ಜಿ ಕೊನೆಯ ವರ್ಷಗಳನ್ನು ಗೇರುಸೊಪ್ಪದ ಮನೆಯಲ್ಲಿ ಒಬ್ಬರೇ ಕಳೆದರು. ನಾವು ವರ್ಷಕ್ಕೊಮ್ಮೆ ಪೂಜೆಗೆ ಬಂದು ಸಂಜೆಯ ಬಸ್ಸಿಗೇ ಹಿಂದಿರುಗುತ್ತಿದ್ದೆವು. ಇದು ಯಾವ ಸೊಸೆಯ ದೋಷವೂ ಅಲ್ಲ, ಇಂದಿನ ಯಾವ ಧಾರಾವಾಹಿಯ ಪ್ರಭಾವವೂ ಅಲ್ಲ. ಮಾಡಿದವರು ‘ಮಾಲ್ಗುಡಿ’ ನೋಡಿ ಬೆಳೆದ ನಾವೇ. ನಾರಾಯಣರು ಹುಡುಗನ ತಪ್ಪನ್ನು ಮುಚ್ಚಿಡಲಿಲ್ಲ, ಮುಚ್ಚಿಟ್ಟವರು ನಾವು. ಅವನ ಪಶ್ಚಾತ್ತಾಪವನ್ನು ‘ಮುಗ್ಧತೆ’ ಎಂದು ಕರೆದು ಆನಂದಿಸಿದೆವು. ಸ್ವಾಮಿ ಹಿಂದಿರುಗಿ ಓಡಿದ, ನಾವು ಓಡಲಿಲ್ಲ.

“ಮನರಂಜನೆಗೆ ಇಷ್ಟೊಂದು ತೂಕವೇಕೆ?” ಎಂದು ಕೆಲವರು ಕೇಳಬಹುದು. ನೋಡಿ ಸಂತೋಷಪಡುವುದರಲ್ಲಿ ತಪ್ಪಿಲ್ಲ. ಆದರೆ ಅದನ್ನೇ ತಕ್ಕಡಿಯಾಗಿಸಿ ಮಕ್ಕಳನ್ನೂ ಸೊಸೆಯಂದಿರನ್ನೂ ತೂಗಲು ಹೊರಟವರು ಹಿರಿಯರಾದ ನಾವು. ತಕ್ಕಡಿ ಸರಿಯಿದೆಯೇ ಎಂದು ನೋಡುವ ಹೊಣೆಯೂ ನಮ್ಮದೇ. ನಮ್ಮೂರಿನ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲುಗಳಿವೆ. ಅನೇಕಾಂತವನ್ನು ಬಾಯಲ್ಲಿ ಹೇಳುವ ನಾವು ಬಾಲ್ಯದ ನೆನಪನ್ನು ಮಾತ್ರ ಒಂದೇ ಬಾಗಿಲಿನಿಂದ ನೋಡುತ್ತೇವೆ. ಅಜ್ಜಿಯ ಬಾಗಿಲಿನಲ್ಲಿ ನಿಂತು ನೋಡಿದರೆ ಆ ‘ಒಳ್ಳೆಯ ಕಾಲ’ ಹೇಗೆ ಕಾಣುತ್ತಿತ್ತು? ಅರ್ಧಸತ್ಯವನ್ನು ಪೂರ್ಣಸತ್ಯವೆಂದು ಸಾರುವುದು ಸತ್ಯವ್ರತಕ್ಕೆ ಒಪ್ಪುವ ನಡತೆಯಲ್ಲ.

ಚಿತ್ರೀಕರಣ ನಡೆದ ಅರಸಾಳು ರೈಲು ನಿಲ್ದಾಣದಲ್ಲಿ 2020ರಲ್ಲಿ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವೇ ಆಯಿತು. ಒಳ್ಳೆಯದೇ. ಕಲ್ಪನೆಯ ಊರಿಗೂ ಸ್ಮಾರಕ ದೊರೆಯಿತು. ನಿಜವಾದ ಊರುಗಳಲ್ಲಿ ಉಳಿದುಹೋದ ವೃದ್ಧರಿಗೆ ನಾವು ಮಾಡಿದ್ದೇನು?

ಬಸದಿಗಳ ಆಡಳಿತ ಮಂಡಳಿಗಳಿಗೆ ನನ್ನದೊಂದು ವಿನಂತಿ. ವಾರ್ಷಿಕೋತ್ಸವದ ದೀಪಾಲಂಕಾರದ ಖರ್ಚಿನಲ್ಲಿ ಒಂದು ಪಾಲನ್ನು ತೆಗೆದಿಡಿ. ತಮ್ಮ ವ್ಯಾಪ್ತಿಯಲ್ಲಿ ಒಂಟಿಯಾಗಿರುವ ಹಿರಿಯರ ಪಟ್ಟಿ ಮಾಡಿ, ತಿಂಗಳಿಗೊಮ್ಮೆ ಒಬ್ಬರಾದರೂ ಅವರ ಮನೆಗೆ ಹೋಗಿ ಔಷಧಿ, ಅಡಿಗೆ, ಕಣ್ಣಿನ ತಪಾಸಣೆಗಳನ್ನು ವಿಚಾರಿಸುವ ವ್ಯವಸ್ಥೆ ಮಾಡಿ. ಯುವಕರನ್ನು ಕಳುಹಿಸಿ, ಆದರೆ ಮೊದಲು ನೀವು ಹೋಗಿ. ನನ್ನ ಅಜ್ಜಿಗೆ ನಿಂಬೆಹಣ್ಣು ಒಯ್ಯುವ ಅವಕಾಶ ನನಗೆ ಇನ್ನಿಲ್ಲ. ನಿಮ್ಮಲ್ಲಿ ಹಲವರಿಗೆ ಆ ಅವಕಾಶ ಇನ್ನೂ ಇದೆ.